ಬೇಟೆಗಾರರ ಕುರ್ಚಿಯ ಪಕ್ಕ ಬಿಲ್ಲಿನವರಿಗೂ ಒಂದು ಕುರ್ಚಿ ಹಾಕಿ

ವಿಸ್ಕಾನ್ಸಿನ್ ರಾಜ್ಯದ ನೈಸರ್ಗಿಕ ಸಂಪನ್ಮೂಲ ಮಂಡಳಿಯ ಸದಸ್ಯರಿಗೆ,
ಬೇಟೆ, ಮೀನು, ಕಾಡಿನ ನಿಯಮಗಳ ಬಗ್ಗೆ ಜನರ ಮಾತು ಕೇಳುವ ಕನ್ಸರ್ವೇಶನ್ ಕಾಂಗ್ರೆಸ್ಸಿನ ಪ್ರತಿನಿಧಿಗಳಿಗೆ,
ಈ ರಾಜ್ಯದಲ್ಲಿ ಬೇಟೆ ಲೈಸೆನ್ಸ್ ಇಟ್ಟುಕೊಂಡಿರುವ ನಮ್ಮ ಕನ್ನಡದವರಿಗೆ,

ನಮಸ್ಕಾರ.

ಈ ಪತ್ರವನ್ನು ಮೊದಲು ಕನ್ನಡದಲ್ಲೇ ಬರೆದೆ. ಇಂಗ್ಲಿಷಿನಲ್ಲಿ ಬರೆದ ಪ್ರತಿ ಮಂಡಳಿಗೆ ಅಂಚೆಯಲ್ಲಿ ಹೋಗುತ್ತದೆ. ಕನ್ನಡದ್ದು ನಮ್ಮವರು ಓದಲಿ ಅಂತ ಇಲ್ಲಿ ಹಾಕಿದ್ದೇನೆ. ಮ್ಯಾಡಿಸನ್, ಮಿಲ್ವಾಕೀ ಕಡೆ ಇರುವ ನಮ್ಮವರಲ್ಲಿ ಕೆಲವರು ಸೆಪ್ಟೆಂಬರ್ ಬಂತೆಂದರೆ ಬಿಲ್ಲು ಹೆಗಲಿಗೇರಿಸಿ ಕಾಡಿಗೆ ಹೊರಡುತ್ತಾರೆ. ಆದರೆ ಬೇಟೆಯ ನಿಯಮಗಳಿಗೆ ಜನ ಮತ ಹಾಕುವ ಏಪ್ರಿಲ್ ತಿಂಗಳ ಸಭೆಯಲ್ಲಿ ಅವರ ಮುಖ ಕಾಣುವುದಿಲ್ಲ. ಹಾಗಾಗಿ ಈ ಪತ್ರ ಅವರಿಗೂ ಸೇರಿದ್ದು.

ಕೇಳುತ್ತಿರುವುದು ಒಂದೇ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ; ಪ್ರತಿ ಕೌಂಟಿಯಲ್ಲೂ ಜಿಂಕೆ ಬೇಟೆ ಹೇಗೆ ನಡೆಯಬೇಕು ಅಂತ ಶಿಫಾರಸು ಮಾಡುವ ಜಿಂಕೆ ಸಲಹಾ ಸಮಿತಿಯಲ್ಲಿ ಬಿಲ್ಲಿನ ಬೇಟೆಯವರಿಗೆ ಅಂತಲೇ ಒಂದು ಸ್ಥಾನ ಕೊಡಿ. 'ಬೇಟೆಗಾರ' ಅನ್ನುವ ಒಂದೇ ಕುರ್ಚಿಯಲ್ಲಿ ನಮ್ಮನ್ನೂ ಕೋವಿಯವರನ್ನೂ ಒಟ್ಟಿಗೆ ಕೂರಿಸಬೇಡಿ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಮನೆಯ ನಡುಮನೆ ಗೋಡೆಯಲ್ಲಿ ಅಜ್ಜನ ಕೋವಿ ತೂಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಗೆ ಅವಕಾಶವಿಲ್ಲ. ಅದು ಸರಿಯೇ. ಅಲ್ಲಿನ ಕಾಡು ಉಳಿಯಬೇಕಾದರೆ ಹಾಗೆ ಮಾಡಲೇಬೇಕಿತ್ತು. ನನ್ನ ಪಾಲಿಗೆ ಬಂದದ್ದು ಬೇಟೆಯ ಮಾತು ಮಾತ್ರ. ಮಳೆಗಾಲದ ರಾತ್ರಿ ಒಲೆ ಮುಂದೆ ಕೂತು ಅಜ್ಜ ಹೇಳುತ್ತಿದ್ದರು. ಒಂದಷ್ಟು ಜನ ನಾಯಿ ಬಿಟ್ಟುಕೊಂಡು ಹಳು ನುಗ್ಗಿ ಸೋವುತ್ತಾ ಬರುತ್ತಿದ್ದರಂತೆ. ಉಳಿದವರು ಹಂದಿ ದಾಟುವ ಕಂಡಿಗಳಲ್ಲಿ ಕೋವಿ ಹಿಡಿದು ಕಾಯುತ್ತಿದ್ದರಂತೆ. ಹಾಗೆ ಕಾಯುವ ಜಾಗಕ್ಕೆ 'ಬಿಲ್ಲು' ಅಂತ ಹೆಸರು. "ಅವತ್ತು ನಾನು ಮೂರನೇ ಬಿಲ್ಲಿಗೆ ಕೂತಿದ್ದೆ" ಅನ್ನುತ್ತಿದ್ದರು. ಕೈಯಲ್ಲಿದ್ದದ್ದು ಕೋವಿ, ಕೂತದ್ದು ಬಿಲ್ಲಿಗೆ! ಬಿಲ್ಲು ಹಿಡಿಯುವುದು ನಿಂತು ಎಷ್ಟು ತಲೆಮಾರಾಗಿತ್ತೋ, ಹೆಸರಲ್ಲಿ ಮಾತ್ರ ಉಳಿದುಕೊಂಡಿತ್ತು.

ಇಲ್ಲಿ ಅದು ತಿರುಗುಮುರುಗು ಆಗಿದೆ. ಬಿಲ್ಲು ಕಾಡಿನಲ್ಲಿದೆ. ಸಭೆಯಲ್ಲಿ ಅದರ ಹೆಸರು ಹೇಳುವವರಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಬೇಟೆಗಾರರ ಕ್ಲಬ್ಬಿಗೆ ಸೇರಿದೆ. ಫೆಬ್ರವರಿಯ ಒಂದು ಸಂಜೆ ಸಭೆ ಇತ್ತು. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಮಡಚುವ ಕುರ್ಚಿಗಳು, ದೊಡ್ಡ ಪಾತ್ರೆಯಲ್ಲಿ ಕಾಫಿ. ನಲವತ್ತು ಜನ ಇದ್ದಿರಬಹುದು. ಅದರಲ್ಲಿ ಬಿಲ್ಲಿನವರು ನಾವು ನಾಲ್ಕೇ ಜನ. ಚರ್ಚೆಗೆ ಬಂದದ್ದು ಡಿಸೆಂಬರ್ 24ರಿಂದ ಜನವರಿ 1ರವರೆಗಿನ ರಜೆ ಬೇಟೆ. ಆ ದಿನಗಳಲ್ಲಿ ಕೊಂಬಿಲ್ಲದ ಜಿಂಕೆಗಳನ್ನು ಕೋವಿಯಲ್ಲಿ ಹೊಡೆಯಲು ನಮ್ಮ ಕೌಂಟಿಯಲ್ಲೂ ಅವಕಾಶ ಕೇಳಬೇಕೋ ಬೇಡವೋ ಅನ್ನುವ ಪ್ರಶ್ನೆ. ನಾನು ಎದ್ದು ನಿಂತು ಹೇಳಿದೆ. ಆ ವಾರ ಬಿಲ್ಲಿನ ಸೀಸನ್ನಿನ ಕೊನೆಯ ಒಳ್ಳೆಯ ವಾರ. ನವೆಂಬರಿನ ಕೋವಿ ಸದ್ದಿಗೆ ಬೆದರಿದ ಜಿಂಕೆಗಳು ಆಗಷ್ಟೇ ಹಗಲು ಹೊತ್ತು ಮೇಯಲು ಹೊರಗೆ ಬರಲು ಶುರು ಮಾಡಿರುತ್ತವೆ. ಮತ್ತೆ ಕೋವಿ ಸದ್ದಾದರೆ ನಮ್ಮ ಸೀಸನ್ ಅಲ್ಲಿಗೇ ಮುಗಿದ ಹಾಗೆ. ಇಷ್ಟು ಹೇಳುವಷ್ಟರಲ್ಲಿ ಸಭೆ ನಡೆಸುತ್ತಿದ್ದವರು ಕೈ ಎತ್ತಿ, "ಬಿಲ್ಲಿನವರ ವಿಷಯ ಆಮೇಲೆ ನೋಡೋಣ" ಅಂದರು. ಆಮೇಲೆ ಅನ್ನುವುದು ಬರಲೇ ಇಲ್ಲ. ಮರುವಾರ ಬಂದ ಸಭೆಯ ವರದಿಯಲ್ಲಿ ಒಂದೇ ಸಾಲು ಇತ್ತು: ರಜೆ ಬೇಟೆಗೆ ಬೇಟೆಗಾರರ ಒಪ್ಪಿಗೆ ಇದೆ.

ನನ್ನ ಪಕ್ಕ ಒಬ್ಬರು ಹಿರಿಯರು ಕೂತಿದ್ದರು. ಹಾಲಿನ ದನ ಸಾಕಿ ಬದುಕಿದವರು. ಈಗಲೂ ರಾಟೆ ಇಲ್ಲದ ಮರದ ಬಿಲ್ಲನ್ನೇ ಹಿಡಿಯುತ್ತಾರೆ. ಮಾತೇ ಆಡಲಿಲ್ಲ. ಹೊರಗೆ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಾ, "ನಲವತ್ತು ವರ್ಷದಿಂದ ಹೀಗೇ ಇದೆ, ಬೇಜಾರು ಮಾಡ್ಕೋಬೇಡ" ಅಂದರು. ಆ ಮಾತು ನನಗೆ ಸಭೆಗಿಂತ ಜಾಸ್ತಿ ನೋವು ಕೊಟ್ಟಿತು. ನಲವತ್ತು ವರ್ಷ ಕಾಡಿನಲ್ಲಿ ಕೂತು ಜಿಂಕೆ ನೋಡಿದ ಮನುಷ್ಯ ಅವರು. ಅವರಿಗೆ ಗೊತ್ತಿರುವುದನ್ನು ಕೇಳಬೇಕು ಅಂತ ಯಾರಿಗೂ ಅನ್ನಿಸಿಲ್ಲವಲ್ಲ!

ಕೋವಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನನಗೆ ಮೊದಲ ಜಿಂಕೆ ಸುಲಿಯಲು ಕಲಿಸಿದವರು ಕೋವಿಯವರೇ. ಹಳ್ಳಕ್ಕೆ ಜಾರಿದ ನನ್ನ ಕಾರನ್ನು ರಾತ್ರಿ ಹತ್ತು ಗಂಟೆಗೆ ಟ್ರ್ಯಾಕ್ಟರ್ ತಂದು ಎಳೆದವರೂ ಅವರೇ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುಂಚಿನ ಶನಿವಾರ ಶುರುವಾಗುವ ಕೋವಿ ಸೀಸನ್ನಿನ ಆ ಒಂಬತ್ತು ದಿನ ಇಲ್ಲಿ ಜಾತ್ರೆ ಇದ್ದ ಹಾಗೆ. ಅಜ್ಜ, ಮಗ, ಮೊಮ್ಮಗಳು ಒಂದೇ ಗುಡಿಸಿಲಿನಲ್ಲಿ ಸೇರುತ್ತಾರೆ. ಅದು ಹಾಗೇ ಇರಲಿ. ಆದರೆ ಒಂಬತ್ತು ದಿನದ ಬೇಟೆಯೂ ಸೆಪ್ಟೆಂಬರ್ ಮಧ್ಯದಿಂದ ಜನವರಿ ಮೊದಲ ವಾರದವರೆಗಿನ ಬೇಟೆಯೂ ಒಂದೇ ಅಲ್ಲ. ನೂರೈವತ್ತು ಗಜದಿಂದ ಹೊಡೆಯುವುದೂ ಇಪ್ಪತ್ತು ಗಜದವರೆಗೆ ಬರಲಿ ಅಂತ ಉಸಿರು ಬಿಗಿಹಿಡಿದು ಕಾಯುವುದೂ ಒಂದೇ ಅಲ್ಲ.

ಕಾಯುವುದು ಅಂದರೆ ಏನು ಅಂತ ಹೇಳುತ್ತೇನೆ, ಕೇಳಿ. ನಮ್ಮ ಮಲೆನಾಡಿನಲ್ಲಿ ಅದಕ್ಕೆ 'ಮರಸು ಕೂರುವುದು' ಅನ್ನುತ್ತಿದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು. ವಾಸನೆ ಇಲ್ಲದ ಸೋಪಿನಲ್ಲಿ ಸ್ನಾನ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು ಮರ ಆರಿಸಬೇಕು. ಗಾಳಿ ತಿರುಗಿದರೆ ಅವತ್ತಿನ ಕೆಲಸ ಮುಗಿಯಿತು. ಬೀಳದ ಹಾಗೆ ಮೈತುಂಬ ಪಟ್ಟಿ ಕಟ್ಟಿಕೊಂಡು ಹದಿನೆಂಟು ಅಡಿ ಮೇಲೆ ಕೂತರೆ ಅಲುಗಾಡುವ ಹಾಗಿಲ್ಲ. ಓಕ್ ಕಾಯಿ ಉದುರುವ ಸದ್ದು, ಅಳಿಲು ಎಲೆ ಕೆದಕುವ ಸದ್ದು, ಜಿಂಕೆ ಕಾಲಿಡುವ ಸದ್ದು ಬೇರೆ ಬೇರೆ ಅಂತ ಕಿವಿಗೆ ಗೊತ್ತಾಗಲು ನನಗೆ ಮೂರು ಸೀಸನ್ ಬೇಕಾಯಿತು. ಜಿಂಕೆ ಬಂದರೂ ಹೆದೆ ಎಳೆಯುವುದು ಯಾವಾಗ? ಅದರ ತಲೆ ಮರದ ಹಿಂದೆ ಹೋದಾಗ ಮಾತ್ರ. ಇಲ್ಲಿನ ನಿಯಮದಲ್ಲಿ ಬಿಲ್ಲಿನ ಎಳೆತ ಕಡಿಮೆ ಅಂದರೂ 30 ಪೌಂಡ್ ಇರಬೇಕು. ನನ್ನದು 50. ರಾಟೆ ಇರುವ ಕಾಂಪೌಂಡ್ ಬಿಲ್ಲಾದ್ದರಿಂದ ಪೂರ್ತಿ ಎಳೆದ ಮೇಲೆ ಭಾರ ಇಳಿಯುತ್ತದೆ. ಆದರೂ ಒಂದು ನಿಮಿಷ ಹಿಡಿದರೆ ತೋಳು ನಡುಗಲು ಶುರುವಾಗುತ್ತದೆ. ಎಷ್ಟೋ ಸಲ ಎಳೆದ ಹೆದೆಯನ್ನು ಮೆಲ್ಲಗೆ ಇಳಿಸಿ ಜಿಂಕೆ ಹೋಗುವುದನ್ನು ನೋಡುತ್ತಾ ಕೂತಿದ್ದೇನೆ.

ಈಗ ಒಂದು ತಪ್ಪಿನ ವಿಷಯ ಹೇಳಬೇಕು. ಸಭೆಗಳಲ್ಲಿ ಬಿಲ್ಲಿನವರ ಬಗ್ಗೆ ಮಾತು ಬಂದರೆ ಮೊದಲು ಕೇಳುವುದು ಇದೇ: "ಗಾಯ ಮಾಡಿ ಬಿಡುತ್ತೀರಿ."

ನನ್ನ ನಾಲ್ಕನೇ ಸೀಸನ್. ಅಕ್ಟೋಬರ್ ಕೊನೆ. ಸಂಜೆ ಬೆಳಕು ಇಳಿಯುತ್ತಿತ್ತು. ಒಂದು ಹೆಣ್ಣು ಜಿಂಕೆ ಹದಿನೆಂಟು ಗಜದಲ್ಲಿ ಪಕ್ಕ ತಿರುಗಿ ನಿಂತಿತು. ಬಾಣ ಬಿಟ್ಟ ಆ ಕ್ಷಣದಲ್ಲಿ ಅದು ಒಂದು ಹೆಜ್ಜೆ ಮುಂದಿಟ್ಟಿತು. ಅಷ್ಟೇ. ಬಡಿದ ಸದ್ದು ಸರಿ ಇರಲಿಲ್ಲ. ಜಿಂಕೆ ಬೆನ್ನು ಗೂನು ಮಾಡಿಕೊಂಡು ನಿಧಾನಕ್ಕೆ ಪೊದೆಯೊಳಗೆ ಹೋಯಿತು. ಅರ್ಧ ಗಂಟೆ ಮರದಲ್ಲೇ ಕೂತು, ಇಳಿದು ಬಾಣ ಎತ್ತಿ ನೋಡಿದೆ. ಬಾಣದ ಮೇಲಿನ ರಕ್ತ ತಿಳಿಗೆಂಪಾಗಿ ನೊರೆ ಇದ್ದರೆ ಶ್ವಾಸಕೋಶಕ್ಕೆ ತಾಗಿದೆ ಅಂತ ಅರ್ಥ. ಜಿಂಕೆ ನೂರು ಗಜದೊಳಗೇ ಬಿದ್ದಿರುತ್ತದೆ. ಕಪ್ಪುಗೆಂಪಾದರೆ ಲಿವರ್, ಕೆಲವು ಗಂಟೆ ಕಾಯಬೇಕು. ನನ್ನ ಬಾಣದ ಮೇಲೆ ಹಸಿರು ಕಲೆ ಇತ್ತು, ಹೊಟ್ಟೆಯ ವಾಸನೆ ಇತ್ತು. ಕೈಕಾಲು ತಣ್ಣಗಾಯಿತು. ಆಗ ಹಿಂದೆ ಬಿದ್ದರೆ ಜಿಂಕೆ ಎದ್ದು ಮೈಲಿಗಟ್ಟಲೆ ಓಡುತ್ತದೆ, ಸಿಗುವುದೇ ಇಲ್ಲ. ಬಿಟ್ಟು ಬರಬೇಕು. ಬಿಟ್ಟು ಬರುವುದು ಎಷ್ಟು ಕಷ್ಟ ಅಂತ ಆ ರಾತ್ರಿ ಗೊತ್ತಾಯಿತು. ನಿದ್ದೆ ಬರಲಿಲ್ಲ. ಊಟವೂ ಸೇರಲಿಲ್ಲ.

ಬೆಳಿಗ್ಗೆ ಒಬ್ಬರು ತಮ್ಮ ನಾಯಿ ಕರೆದುಕೊಂಡು ಬಂದರು. ಹೊಡೆದ ಜಿಂಕೆಯನ್ನು ಹುಡುಕಲು ಹಗ್ಗ ಕಟ್ಟಿದ ನಾಯಿ ಬಳಸಲು ಇಲ್ಲಿ ಅವಕಾಶ ಇದೆ. ಸಣ್ಣ ನಾಯಿ, ಗಿಡ್ಡ ಕಾಲು, ಒರಟು ಕೂದಲು. ರಕ್ತದ ಒಂದು ಹನಿಯೂ ಕಾಣದ ಕಡೆ ಮೂಗು ನೆಲಕ್ಕೆ ಹಚ್ಚಿ ಹೊರಟಿತು. ಜೊಂಡು ದಾಟಿತು, ತೊರೆ ದಾಟಿತು. ಕೊನೆಗೆ ಒಂದು ಬಿದ್ದ ಮರದ ಪಕ್ಕ ನಿಂತು ಬಾಲ ಅಲ್ಲಾಡಿಸಿತು. ಜಿಂಕೆ ಅಲ್ಲಿ ಮಲಗಿದ ಹಾಗೆ ಸತ್ತಿತ್ತು. ನಾನು ಅದರ ಕುತ್ತಿಗೆ ಮೇಲೆ ಕೈ ಇಟ್ಟು ಸುಮಾರು ಹೊತ್ತು ಕೂತಿದ್ದೆ. ನಾಯಿಯವರು ಏನೂ ಕೇಳಲಿಲ್ಲ. ದುಡ್ಡೂ ಮುಟ್ಟಲಿಲ್ಲ. ಆ ವರ್ಷ ಮತ್ತೆ ಬಿಲ್ಲು ಎತ್ತಲಿಲ್ಲ. ಮುಂದಿನ ಬೇಸಿಗೆಯಿಡೀ ಮನೆ ಹಿಂದೆ ದಿನಕ್ಕೆ ಮೂವತ್ತು ಬಾಣ ಬಿಟ್ಟು ಅಭ್ಯಾಸ ಮಾಡಿದೆ. ಕಡ್ಡಾಯವಲ್ಲದ ಬಿಲ್ಲುಬೇಟೆಯ ತರಗತಿಗೂ ಹೋಗಿ ಬಂದೆ.

ಗಾಯ ಮಾಡಿ ಬಿಡುತ್ತೀರಿ ಅನ್ನುವವರಿಗೆ ಉತ್ತರ ಕೊಡಲು ಇದೆಲ್ಲ ಗೊತ್ತಿರುವವರು ಮೇಜಿನ ಹತ್ತಿರ ಇರಬೇಕು. ಆ ಮಾತು ಪೂರ್ತಿ ಸುಳ್ಳಲ್ಲ. ನಾನೇ ಸಾಕ್ಷಿ. ಹಾಗಾದರೆ ಮಾಡಬೇಕಾದ್ದು ಏನು? ತರಗತಿ ಜಾಸ್ತಿ ಆಗಬೇಕೇ? ಜಾಡಿನ ನಾಯಿ ಇರುವವರ ಪಟ್ಟಿ ಪ್ರತಿ ಕೌಂಟಿಯಲ್ಲಿ ಸಿಗಬೇಕೇ? ಪಕ್ಕದ ಜಮೀನಿಗೆ ಹೋದ ಜಿಂಕೆಯನ್ನು ಹುಡುಕಲು ಮಾಲೀಕರ ಜೊತೆ ಮೊದಲೇ ಮಾತಾಗಿರಬೇಕೇ? ಈ ಪ್ರಶ್ನೆಗಳನ್ನು ಕೇಳುವುದು ಹೇಗೆ ಅಂತ ನಮಗೆ ಗೊತ್ತು. ನಮ್ಮ ಮೇಲಿನ ದೂರನ್ನು ನಾವಿಲ್ಲದ ಕಡೆ ಚರ್ಚೆ ಮಾಡಿದರೆ ಜಿಂಕೆಗೂ ಒಳ್ಳೆಯದಾಗುವುದಿಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 1937ರ ಪಿಟ್ಮನ್-ರಾಬರ್ಟ್ಸನ್ ಕಾಯ್ದೆಯ ಪ್ರಕಾರ ಬೇಟೆಯ ಕೋವಿ, ತೋಟಾಗಳ ಮೇಲಿನ ಶೇಕಡಾ 11ರ ತೆರಿಗೆ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. 1972ರಲ್ಲಿ ಕಾನೂನು ತಿದ್ದಿ ಬಿಲ್ಲು, ಬಾಣಗಳನ್ನೂ ಸೇರಿಸಿದರು. ಬಿಲ್ಲಿನವರಲ್ಲೇ ಎಷ್ಟೋ ಜನ ನಿಂತು ಅದನ್ನು ಬೆಂಬಲಿಸಿದ್ದರು. ಆ ಹಣ ರಾಜ್ಯಗಳಿಗೆ ಹಂಚಿಕೆಯಾಗುವುದು ರಾಜ್ಯದ ವಿಸ್ತೀರ್ಣ ಮತ್ತು ಲೈಸೆನ್ಸ್ ಇರುವ ಬೇಟೆಗಾರರ ಲೆಕ್ಕದ ಮೇಲೆ. ಅಂದರೆ ತೆರಿಗೆ ಕಟ್ಟುವಾಗಲೂ ನಾವಿದ್ದೇವೆ, ತಲೆ ಎಣಿಸುವಾಗಲೂ ನಾವಿದ್ದೇವೆ.

ಹಳೆಯ ಕಥೆ ಇನ್ನೂ ದೊಡ್ಡದು. ಹೋ-ಚಂಕ್, ಓಜಿಬ್ವೆ, ಮೆನೊಮಿನಿ ಜನ ಈ ನೆಲದಲ್ಲಿ ಬಿಲ್ಲು ಹಿಡಿದು ಬೇಟೆಯಾಡುತ್ತಿದ್ದಾಗ ವಿಸ್ಕಾನ್ಸಿನ್ ಅನ್ನುವ ರಾಜ್ಯವೇ ಇರಲಿಲ್ಲ. ಆಮೇಲೆ 1934ರಲ್ಲಿ ರಾಜ್ಯ ಸರ್ಕಾರ ಬಿಲ್ಲಿಗೆ ಅಂತ ಮೊದಲ ಸಲ ಜಿಂಕೆ ಸೀಸನ್ ಇಟ್ಟಿತು, ಕೊಲಂಬಿಯಾ ಮತ್ತು ಸಾಕ್ ಎರಡು ಕೌಂಟಿಗಳಲ್ಲಿ. ಕೋವಿಯ ಸೀಸನ್ನಿನಿಂದ ಬೇರೆಯಾಗಿ ಬಿಲ್ಲಿಗೊಂದು ಸೀಸನ್ ಕೊಟ್ಟದ್ದರಲ್ಲಿ ಈ ರಾಜ್ಯ ಇಡೀ ದೇಶಕ್ಕೆ ದಾರಿ ತೋರಿಸಿತು. ಅದೇ ಸಾಕ್ ಕೌಂಟಿಯಲ್ಲಿ, ವಿಸ್ಕಾನ್ಸಿನ್ ನದಿ ದಂಡೆಯಲ್ಲಿ, ಮರುವರ್ಷ ಆಲ್ಡೊ ಲಿಯೊಪೋಲ್ಡ್ ಒಂದು ಸವೆದುಹೋದ ಹೊಲ ಕೊಂಡರು. ವನ್ಯಜೀವಿ ನಿರ್ವಹಣೆಯನ್ನು ಒಂದು ಓದಿನ ವಿಷಯವಾಗಿ ಬೆಳೆಸಿದ ಪ್ರೊಫೆಸರ್ ಅವರು. ತಮ್ಮ ಬಿಲ್ಲು ಬಾಣಗಳನ್ನು ತಾವೇ ಕೆತ್ತಿಕೊಳ್ಳುತ್ತಿದ್ದರು. ಅವರ ಹೆಂಡತಿ ಎಸ್ಟೆಲ್ಲಾ ಬಿಲ್ಲುಗಾರಿಕೆಯಲ್ಲಿ ರಾಜ್ಯದ ಮಹಿಳಾ ಚಾಂಪಿಯನ್ ಆಗಿದ್ದರು. ಕನ್ಸರ್ವೇಶನ್ ಕಾಂಗ್ರೆಸ್ ಶುರುವಾದದ್ದೂ 1934ರಲ್ಲೇ. ಬಿಲ್ಲಿನ ಸೀಸನ್ನೂ ಜನರ ಮಾತು ಕೇಳುವ ಈ ಸಂಸ್ಥೆಯೂ ಒಂದೇ ವರ್ಷದಲ್ಲಿ ಹುಟ್ಟಿದ ಮಕ್ಕಳು. ಇದನ್ನು ಓದಿದಾಗ ನನಗೆ ಒಂದು ರೀತಿಯ ಧೈರ್ಯ ಬಂತು. ನಾವು ಹೊರಗಿನಿಂದ ಬಂದು ಕುರ್ಚಿ ಕೇಳುತ್ತಿಲ್ಲ.

ಇನ್ನು ಸಮಿತಿಗಳ ವಿಷಯ. 2014ರಲ್ಲಿ ಕೌಂಟಿ ಜಿಂಕೆ ಸಲಹಾ ಸಮಿತಿಗಳು ಶುರುವಾದಾಗ ಒಂದೊಂದು ಹಿತಕ್ಕೆ ಒಂದೊಂದು ಕುರ್ಚಿ ಅಂತ ಇಟ್ಟರು. ಕೃಷಿಗೆ ಒಂದು, ಅರಣ್ಯಕ್ಕೆ ಒಂದು, ಪ್ರವಾಸೋದ್ಯಮಕ್ಕೆ ಒಂದು, ನಗರದವರಿಗೆ ಒಂದು. ಜಿಂಕೆಗೆ ಕಾರು ಗುದ್ದುವುದು ಇಲ್ಲಿ ದಿನದ ಮಾತಾದ್ದರಿಂದ ಸಾರಿಗೆಗೂ ಒಂದು. ಒಳ್ಳೆಯ ಯೋಚನೆ. ಜಿಂಕೆ ಯಾರ ಯಾರ ಬದುಕನ್ನು ಮುಟ್ಟುತ್ತದೋ ಅವರನ್ನೆಲ್ಲ ಕೂರಿಸಿ ಕೇಳುವುದು. ಬೇಟೆಗೂ ಒಂದು ಕುರ್ಚಿ ಇದೆ. ಆ ಕುರ್ಚಿಯಲ್ಲಿ ಯಾರು ಕೂತರೂ ಕೋವಿ ಸೀಸನ್ನಿನ ಕಣ್ಣಿನಿಂದ ನೋಡುವುದೇ ಜಾಸ್ತಿ. ಅದು ಸಹಜವೂ ಹೌದು, ಅವರ ಜನ ಜಾಸ್ತಿ ಅಲ್ವಾ. ಆದರೆ ಈ ಸಮಿತಿಗಳು ಶಿಫಾರಸು ಮಾಡುವುದರಲ್ಲಿ ರಜೆ ಬೇಟೆಯೂ ಇದೆ, ಬಿಲ್ಲಿನ ಸೀಸನ್ನನ್ನು ಜನವರಿ 31ರವರೆಗೆ ಮುಂದುವರಿಸಬೇಕೋ ಬೇಡವೋ ಅನ್ನುವುದೂ ಇದೆ. ಎರಡನೆಯದು ಪೂರ್ತಿ ನಮ್ಮ ವಿಷಯ. ಅದನ್ನು ನಿರ್ಧರಿಸುವಾಗ ಜನವರಿಯ ಮೈನಸ್ ಹದಿನೈದು ಡಿಗ್ರಿಯಲ್ಲಿ ಮರಸು ಕೂತು ಗೊತ್ತಿರುವ ಒಬ್ಬರಾದರೂ ಅಲ್ಲಿರಬೇಕು.

ನಮ್ಮ ಪಾಲು ಸಣ್ಣದಲ್ಲ. ಕೈಯಲ್ಲೇ ಹೆದೆ ಎಳೆದು ಹಿಡಿಯುವ ಸಾದಾ ಬಿಲ್ಲು, ಕೋವಿಯ ಹಾಗೆ ಕುದುರೆ ಒತ್ತಿ ಬಾಣ ಬಿಡುವ ಕ್ರಾಸ್‌ಬೋ ಎರಡೂ ಸೇರಿದರೆ ಈಚಿನ ವರ್ಷಗಳಲ್ಲಿ ರಾಜ್ಯದಲ್ಲಿ ದಾಖಲಾಗುವ ಜಿಂಕೆಗಳಲ್ಲಿ ಹತ್ತಕ್ಕೆ ಹತ್ತಿರಹತ್ತಿರ ಮೂರು ನಮ್ಮವು.

ಕ್ರಾಸ್‌ಬೋ ಅಂದ ತಕ್ಷಣ ನಮ್ಮೊಳಗೇ ಜಗಳ ಶುರುವಾಗುತ್ತದೆ ಅಂತ ಗೊತ್ತು. 2014ರಿಂದ ಅದಕ್ಕೆ ಬೇರೆ ಲೈಸೆನ್ಸ್ ಬಂತು. ಈಗ ಸಾದಾ ಬಿಲ್ಲಿಗಿಂತ ಅದರಲ್ಲೇ ಜಾಸ್ತಿ ಜಿಂಕೆ ಬೀಳುತ್ತವೆ. ಮೊದಲೇ ಎಳೆದು ಸಿಕ್ಕಿಸಿಟ್ಟು ಕುದುರೆ ಒತ್ತುವುದು ಬಿಲ್ಲು ಹೇಗಾಗುತ್ತದೆ ಅಂತ ಹಳಬರು ಕೇಳುತ್ತಾರೆ. ಹೆಗಲು ನೋವಿನಿಂದ ಹೆದೆ ಎಳೆಯಲಾಗದ ಅರವತ್ತೈದರ ಹೆಣ್ಣುಮಗಳು, ಹನ್ನೆರಡು ವರ್ಷದ ಹುಡುಗ, ಇವರಿಗೆಲ್ಲ ಅದರಿಂದ ಕಾಡಿನ ಬಾಗಿಲು ತೆರೆಯಿತು ಅಂತ ಇನ್ನೊಬ್ಬರು ಹೇಳುತ್ತಾರೆ. ನಾನು ಸಾದಾ ಬಿಲ್ಲು ಬಿಟ್ಟು ಬೇರೆ ಹಿಡಿಯುವವನಲ್ಲ. ಆದರೂ ನನಗನ್ನಿಸುವುದು, ಆ ಕುರ್ಚಿ ಇಬ್ಬರಿಗೂ ಸೇರಲಿ. ಇಬ್ಬರೂ ಹತ್ತಿರದಿಂದ ಹೊಡೆಯುವವರು. ಇಬ್ಬರೂ ಶರತ್ಕಾಲವಿಡೀ ಕಾಡಿನಲ್ಲಿರುವವರು. ಒಳಜಗಳವನ್ನು ಒಳಗೇ ಕೂತು ಬಗೆಹರಿಸಿಕೊಳ್ಳೋಣ. ಜಗಳ ಇದೆ ಅನ್ನುವ ನೆಪದಲ್ಲಿ ಕುರ್ಚಿಯನ್ನೇ ಕೊಡದಿರುವುದು ಬೇಡ.

ಬಿಲ್ಲಿನವರಿಂದ ನಿಮಗೆ ಆಗುವ ಕೆಲಸವೂ ಇದೆ. 2002ರಲ್ಲಿ ಮೌಂಟ್ ಹೋರೆಬ್ ಹತ್ತಿರದ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ ಅನ್ನುವ ಮೆದುಳು ತಿನ್ನುವ ರೋಗ ಪತ್ತೆಯಾಯಿತು. ಅದಕ್ಕೆ ಮದ್ದಿಲ್ಲ. ಹೊಡೆದ ಜಿಂಕೆಯ ತಲೆಯನ್ನು ಒಂದಿಷ್ಟು ಕತ್ತಿನ ಸಮೇತ ಪರೀಕ್ಷೆಯ ಕಿಯೋಸ್ಕಿನಲ್ಲಿ ಇಟ್ಟು ಬರುತ್ತೇವೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲಿ ಕಾಯುತ್ತದೆ. ಬಿಲ್ಲಿನವರು ಸೆಪ್ಟೆಂಬರಿನಿಂದಲೇ ಈ ಮಾದರಿ ಕೊಡಲು ಶುರು ಮಾಡುತ್ತಾರೆ. ಸೊರಗಿದ ಜಿಂಕೆ, ಕಿವಿ ಜೋತುಬಿಟ್ಟು ಜೊಲ್ಲು ಸುರಿಸುತ್ತಾ ನಿಂತ ಜಿಂಕೆ ಮೊದಲು ಕಣ್ಣಿಗೆ ಬೀಳುವುದು ದಿನಗಟ್ಟಲೆ ಒಂದೇ ಮರದಲ್ಲಿ ಕೂತವರಿಗೆ. ಅದನ್ನು ಯಾರಿಗೆ ಹೇಳಬೇಕು? ಸಮಿತಿಯಲ್ಲಿ ನಮ್ಮವರು ಒಬ್ಬರಿದ್ದರೆ ಅವರಿಗೇ ಹೇಳಬಹುದಿತ್ತು.

ಊರಂಚಿನ ಬಡಾವಣೆಗಳನ್ನೂ ನೋಡಿ. ಅಲ್ಲಿ ಕೋವಿ ಹಾರಿಸುವ ಹಾಗಿಲ್ಲ. ಆದರೆ ಜಿಂಕೆಗಳು ಹಿಂಡುಹಿಂಡಾಗಿ ಇವೆ. ಊರುಗಳು ಬಿಲ್ಲಿನ ಬೇಟೆಯನ್ನು ಪೂರ್ತಿ ನಿಷೇಧಿಸಬಾರದು, ಕಟ್ಟಡಗಳಿಂದ 100 ಗಜದೊಳಗೆ ತಡೆಯಬಹುದು ಅಂತ 2013ರಲ್ಲಿ ಕಾನೂನು ಬಂತು. ಅಲ್ಲಿಂದೀಚೆಗೆ ಆ ಜಾಗಗಳಲ್ಲಿ ಜಿಂಕೆ ಸಂಖ್ಯೆ ಹತೋಟಿಗೆ ತರುವ ಕೆಲಸ ಬಹುಪಾಲು ಬಿಲ್ಲಿನವರ ಮೇಲೇ ಬಿದ್ದಿದೆ. ಮನೆಮನೆಗೆ ಹೋಗಿ ಅನುಮತಿ ಕೇಳಬೇಕು. ನಾಯಿ ವಾಕಿಂಗ್ ಮಾಡಿಸುವವರು, ಆಟವಾಡುವ ಮಕ್ಕಳು, ಎಲ್ಲರನ್ನೂ ನೋಡಿಕೊಂಡು ಕೆಲಸ ಮಾಡಬೇಕು. ಅದರ ಅನುಭವ ಬೇರೆಯವರಿಗೆ ಇಲ್ಲ.

ನಮ್ಮ ಅಮ್ಮ ಫೋನಿನಲ್ಲಿ ಪ್ರತಿ ಸಲ ಕೇಳುತ್ತಾರೆ, "ಪಾಪ ಅಲ್ವೇನೋ ಅದು?" ಹೌದು ಅಮ್ಮ, ಪಾಪವೇ. ಪಾಪ ಅನ್ನಿಸದ ದಿನ ನಾನು ಬಿಲ್ಲು ಇಳಿಸುತ್ತೇನೆ. ಈ ದಕ್ಷಿಣ ಭಾಗದಲ್ಲಿ ಜಿಂಕೆ ಹಿಡಿಯುವಷ್ಟು ತೋಳಗಳು ಉಳಿದಿಲ್ಲ. ಜಿಂಕೆ ಹೆಚ್ಚಾದರೆ ಓಕ್ ಸಸಿ ಮೇಲೇಳುವುದಿಲ್ಲ, ರಸ್ತೆಯಲ್ಲಿ ಜನ ಸಾಯುತ್ತಾರೆ, ಚಳಿಗಾಲದಲ್ಲಿ ಜಿಂಕೆಗಳೂ ಹಸಿವಿನಿಂದ ಸಾಯುತ್ತವೆ. ನಮ್ಮ ಮನೆಗೆ ವರ್ಷಕ್ಕೆ ಒಂದು, ಜಾಸ್ತಿ ಅಂದರೆ ಎರಡು. ಧನಿಯ, ಕರಿಮೆಣಸು, ಹುರಿದ ಕಾಯಿ ಹಾಕಿ ಮಾಡಿದ ಸಾರನ್ನು ನನ್ನ ಮಗಳು ಉಣ್ಣುವಾಗ, ಈ ಜಿಂಕೆ ಯಾವ ಮರದ ಹತ್ತಿರ ಬಂದಿತ್ತು ಅಂತ ಕೇಳುತ್ತಾಳೆ. ನಾನು ಹೇಳುತ್ತೇನೆ.

ಮಂಡಳಿಯ ಸದಸ್ಯರೇ, ನೀವು ಏಳು ಮಂದಿ. ಸಮಿತಿಗಳ ಶಿಫಾರಸು ಕೊನೆಗೆ ಬರುವುದು ನಿಮ್ಮ ಮುಂದೆ. ಹೊಸ ಕುರ್ಚಿ ಹಾಕಲು ದೊಡ್ಡ ಖರ್ಚಿಲ್ಲ. ಸಮಿತಿಯವರು ಸಂಬಳ ತೆಗೆದುಕೊಳ್ಳುವವರಲ್ಲ. ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ದಕ್ಷಿಣದ ನಾಲ್ಕೈದು ಕೌಂಟಿಗಳಲ್ಲಿ ಎರಡು ವರ್ಷ ಮಾಡಿ ನೋಡಿ. ಅಷ್ಟರವರೆಗೆ ಕನಿಷ್ಠ ಬೇಟೆಯ ಕುರ್ಚಿಗೆ ಬರುವ ಅರ್ಜಿಯಲ್ಲಿ 'ಬಿಲ್ಲಿನ ಸೀಸನ್ನಿನಲ್ಲಿ ಎಷ್ಟು ವರ್ಷ ಬೇಟೆಯಾಡಿದ್ದೀರಿ' ಅಂತ ಒಂದು ಪ್ರಶ್ನೆ ಸೇರಿಸಿ. ಸಭೆಯ ವರದಿಯಲ್ಲಿ 'ಬೇಟೆಗಾರರ ಒಪ್ಪಿಗೆ' ಅಂತ ಬರೆಯುವ ಮುಂಚೆ ಯಾವ ಬೇಟೆಗಾರರು ಅಂತ ಬರೆಯಿಸಿ.

ಕೋವಿಯ ಗೆಳೆಯರೇ, ನಿಮ್ಮ ಒಂಬತ್ತು ದಿನದಲ್ಲಿ ಒಂದು ಗಂಟೆಯನ್ನೂ ನಾವು ಕೇಳುತ್ತಿಲ್ಲ. ಆ ದಿನಗಳಲ್ಲಿ ಬಿಲ್ಲು ಹಿಡಿದು ಹೋದರೂ ನಿಮ್ಮ ಹಾಗೇ ಕೇಸರಿ ಅಂಗಿ ತೊಡುತ್ತೇವೆ. ನಿಮ್ಮ ಸುರಕ್ಷತೆಯೂ ನಮ್ಮದೂ ಒಂದೇ ಅಂತ ಒಪ್ಪಿಕೊಂಡೇ ತೊಡುತ್ತೇವೆ. ಈ ಕುರ್ಚಿಗೆ ನಿಮ್ಮ ಮತವೂ ಬೇಕು. ನಿಮ್ಮ ಮತವಿಲ್ಲದೆ ಇದು ಆಗುವುದಿಲ್ಲ.

ಇನ್ನು ನಮ್ಮ ಕನ್ನಡದವರಿಗೆ. ಈ ರಾಜ್ಯದ 72 ಕೌಂಟಿಗಳಲ್ಲೂ ಏಪ್ರಿಲ್‌ನಲ್ಲಿ ಕನ್ಸರ್ವೇಶನ್ ಕಾಂಗ್ರೆಸ್ಸಿನ ಸಭೆ ನಡೆಯುತ್ತದೆ. ಬೇಟೆ, ಮೀನು, ಕಾಡಿನ ನಿಯಮಗಳ ಪ್ರಶ್ನೆಗಳಿಗೆ ಅಲ್ಲಿ ಜನ ಮತ ಹಾಕುತ್ತಾರೆ. ಕೌಂಟಿಗೆ ಐದು ಪ್ರತಿನಿಧಿಗಳು. ನಾಗರಿಕರು ಯಾರು ಬೇಕಾದರೂ ನಿರ್ಣಯ ಬರೆದು ಕೊಡಬಹುದು. ಮಾತು ತಡವರಿಸುತ್ತದೆ, ಉಚ್ಚಾರಣೆ ಬೇರೆ, ಅಲ್ಲಿ ನಮ್ಮಂಥವರು ಯಾರೂ ಇರುವುದಿಲ್ಲ ಅಂತ ಹಿಂಜರಿಯಬೇಡಿ. ನಾನೂ ಹಿಂಜರಿದಿದ್ದೆ. ಕಾಡಿನಲ್ಲಿ ಒಬ್ಬರೇ ಕತ್ತಲಲ್ಲಿ ಮರ ಹತ್ತುವ ಧೈರ್ಯ ಇರುವವರಿಗೆ ಒಂದು ಶಾಲೆಯ ಹಾಲಿನಲ್ಲಿ ಕೈ ಎತ್ತುವ ಧೈರ್ಯ ಬಾರದೇ?

ನಿರ್ಣಯ ಬರೆದಿಟ್ಟಿದ್ದೇನೆ. ಅರ್ಧ ಪುಟವೂ ಇಲ್ಲ. ಮರದ ಬಿಲ್ಲಿನ ಆ ಹಿರಿಯರು ಮೊನ್ನೆ ಅದನ್ನು ಎರಡು ಸಲ ಓದಿದರು. 'ಬಿಲ್ಲು' ಅನ್ನುವ ಪದ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು, ಕೆಳಗೆ ಸಹಿ ಹಾಕಿ ಕೊಟ್ಟರು. ಏಪ್ರಿಲ್ ಸಭೆಗೆ ಅವರೂ ಬರುತ್ತಾರೆ. ಅವರನ್ನು ಕರೆದುಕೊಂಡು ಸಂಜೆ ಐದೂವರೆಗೆ ಹೊರಡುತ್ತೇನೆ. ಕಾರಿನಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ.

ಇಂತಿ ನಿಮ್ಮವ,
ದಕ್ಷಿಣ ವಿಸ್ಕಾನ್ಸಿನ್‌ನ ಒಬ್ಬ ಬಿಲ್ಲಿನ ಬೇಟೆಗಾರ